ಎರಡು ಸಲಹಾ ಸಮಿತಿಗಳು, ಒಂದೇ ಹೊಳೆ

ಪ್ರತಿ ವರ್ಷ ಜಲಾಶಯದ ಮಟ್ಟ ಏರತೊಡಗಿದಂತೆ ಸಿಂಧನೂರು, ಮಸ್ಕಿ ಭಾಗದ ರೈತರ ಚಿತ್ತವೆಲ್ಲ ಒಂದು ಸಭೆಯತ್ತ ನೆಟ್ಟಿರುತ್ತದೆ. ತುಂಗಭದ್ರಾ ಯೋಜನೆಯ ನೀರಾವರಿ ಸಲಹಾ ಸಮಿತಿಯ ಸಭೆ ಅದು. ಮುನಿರಾಬಾದಿನಲ್ಲಿ ಸೇರಲಿ, ಬೆಂಗಳೂರಿನಲ್ಲಿ ಸೇರಲಿ, ಎಡದಂಡೆ ಕಾಲುವೆಗೆ ಎಂದಿನಿಂದ ನೀರು, ಎಷ್ಟು ಕ್ಯುಸೆಕ್, ಎಂದಿನವರೆಗೆ, ಎರಡನೆಯ ಬೆಳೆಗೆ ನೀರುಂಟೋ ಇಲ್ಲವೋ ಎಂಬುದು ಅಲ್ಲಿ ತೀರ್ಮಾನವಾಗುತ್ತದೆ. ಸುಮಾರು 227 ಕಿಲೋಮೀಟರ್ ಉದ್ದದ ಕಾಲುವೆಯ ಕೊನೆಯ ಭಾಗದಲ್ಲಿ, ಭತ್ತದ ಸಸಿಮಡಿ ಹಾಕಬೇಕೇ ಬೇಡವೇ ಎಂದು ಕಾದು ಕುಳಿತವನಿಗೆ ಆ ಸಭೆಯ ಒಂದು ಸಾಲಿನ ನಿರ್ಣಯವೇ ವರ್ಷದ ಜಾತಕ. ಹೆಸರಿಗೆ ಅದು ಸಲಹಾ ಸಮಿತಿ. ಆದರೆ ಅದರ ಮಾತನ್ನು ಬರಿಯ ಸಲಹೆಯೆಂದು ಬದಿಗಿಡುವ ಧೈರ್ಯ ಯಾವ ಅಧಿಕಾರಿಗೂ ಸುಲಭಕ್ಕೆ ಬಾರದು.

ದಢೇಸುಗೂರಿನ ಸೇತುವೆಯ ಕೆಳಗೆ ಹರಿಯುವ ಇದೇ ಹೊಳೆಯ ಮೇಲ್ಭಾಗಕ್ಕೆ ಕಾನೂನು ಇನ್ನೊಂದು ಸಲಹಾ ಸಮಿತಿಯನ್ನೂ ವಿಧಿಸಿದೆ. ಅದರ ಸಭೆಗಾಗಿ ಯಾರೂ ಕಾಯುವುದಿಲ್ಲ. ಅದರ ನಿರ್ಣಯವನ್ನು ಮರುದಿನದ ಪತ್ರಿಕೆಯಲ್ಲಿ ಹುಡುಕುವವರೂ ಇಲ್ಲ. ನೀರುನಾಯಿಯ ಹೆಸರಿನಲ್ಲಿ ಘೋಷಿತವಾದ ಸಂರಕ್ಷಣಾ ಮೀಸಲು ಪ್ರದೇಶದ ಆಡಳಿತ ಸಮಿತಿ ಅದು.

2015ರಲ್ಲಿ ರಾಜ್ಯ ಸರ್ಕಾರ ಅಣೆಕಟ್ಟೆಯ ಕೆಳಗಿನ ಮುದ್ಲಾಪುರದಿಂದ ಕಂಪ್ಲಿಯವರೆಗೆ ಸುಮಾರು 34 ಕಿಲೋಮೀಟರ್ ಹೊಳೆಯನ್ನು ತುಂಗಭದ್ರಾ ನೀರುನಾಯಿ ಸಂರಕ್ಷಣಾ ಮೀಸಲು ಪ್ರದೇಶವೆಂದು ಘೋಷಿಸಿತು. ಹಂಪಿ, ಆನೆಗೊಂದಿ, ವಿರೂಪಾಪುರಗಡ್ಡೆ ಎಲ್ಲವೂ ಈ ಹರವಿನೊಳಗೇ ಬರುತ್ತವೆ. ಹಂಪಿಗೆ ಹೋದವರು ವಿಠ್ಠಲನ ಗುಡಿಯ ಕಲ್ಲಿನ ರಥವನ್ನು ನೋಡಿರುತ್ತಾರೆ. ಅದರ ಹಿಂದಿನ ಬಂಡೆಗಳ ಸಂದಿನಲ್ಲಿ ಗುಂಪುಗೂಡಿ ಬದುಕುವ, ಬೆಳಗ್ಗೆ ಮತ್ತು ಸಂಜೆ ಮೀನಿನ ಬೆನ್ನುಹತ್ತುವ ನುಣುಪು ತುಪ್ಪಳದ ಈ ಪ್ರಾಣಿಯನ್ನು ಕಂಡವರು ಕಡಿಮೆ. ಬಂಡೆಯ ಪೊಟರೆ, ಜೊಂಡು, ಮರಳ ದಿಬ್ಬ, ಹರಿಯುವ ನೀರು, ಸಾಕಷ್ಟು ಮೀನು ಇವಿಷ್ಟೂ ಒಟ್ಟಿಗೆ ಇದ್ದಲ್ಲಿ ಮಾತ್ರ ನೀರುನಾಯಿಯ ಸಂಸಾರ ನಡೆಯುತ್ತದೆ. ಒಂದು ಕೊರತೆಯಾದರೂ ಅದು ಜಾಗ ಬಿಡುತ್ತದೆ.

ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದದ್ದು 1972ರಲ್ಲಿ. ಅಂದು ಅದರಲ್ಲಿದ್ದದ್ದು ಮುಖ್ಯವಾಗಿ ರಾಷ್ಟ್ರೀಯ ಉದ್ಯಾನ ಮತ್ತು ಅಭಯಾರಣ್ಯಗಳು. ಇವೆರಡೂ ಜನರನ್ನು ಹೊರಗಿಟ್ಟು, ಹಕ್ಕುಗಳನ್ನು ಇತ್ಯರ್ಥಗೊಳಿಸಿ, ಬೇಲಿ ಹಾಕುವ ಬಗೆಯವು. ಜನವಸತಿಯ ನಡುವೆಯೇ ಉಳಿದಿರುವ ಜೀವಿಗಳಿಗೆ ಇದು ಹೊಂದುವುದಿಲ್ಲ ಎಂಬ ಅರಿವು ಮೂಡಿದ ಮೇಲೆ, 2002ರ ತಿದ್ದುಪಡಿಯಲ್ಲಿ ಎರಡು ಹೊಸ ಬಗೆಗಳು ಸೇರಿದವು: ಸಂರಕ್ಷಣಾ ಮೀಸಲು ಮತ್ತು ಸಮುದಾಯ ಮೀಸಲು. ಮೊದಲನೆಯದು ಸರ್ಕಾರದ ಒಡೆತನದ ಜಾಗದಲ್ಲಿ ಮಾತ್ರ ಆಗಬೇಕು, ಅದೂ ಸ್ಥಳೀಯ ಸಮುದಾಯಗಳೊಡನೆ ಸಮಾಲೋಚಿಸಿದ ನಂತರ. ಯಾರ ಹೊಲವೂ ಹೋಗುವುದಿಲ್ಲ, ಯಾವ ಊರೂ ಏಳುವುದಿಲ್ಲ. ‘ಅರಣ್ಯ ಇಲಾಖೆ ಬಂತೆಂದರೆ ನಮ್ಮನ್ನು ಎಬ್ಬಿಸುತ್ತಾರೆ’ ಎಂಬ ಹಳ್ಳಿಗಳ ಭಯಕ್ಕೆ ಕಾನೂನು ಕೊಟ್ಟ ಉತ್ತರವಿದು. ಒಳ್ಳೆಯ ಉತ್ತರವೇ.

ಆದರೆ ಭಯವನ್ನು ತೆಗೆಯುವ ಭರದಲ್ಲಿ ಕಾನೂನು ಬಲವನ್ನೂ ತೆಗೆದುಬಿಟ್ಟಿದೆ. ಕಾಯ್ದೆಯ 36ಬಿ ಕಲಮಿನಂತೆ ರಾಜ್ಯ ಸರ್ಕಾರ ಮೀಸಲು ಪ್ರದೇಶಕ್ಕೊಂದು ಆಡಳಿತ ಸಮಿತಿಯನ್ನು ರಚಿಸತಕ್ಕದ್ದು. ಇಲ್ಲಿ ಆಯ್ಕೆಯಿಲ್ಲ, ಇದು ಕರ್ತವ್ಯ. ಅರಣ್ಯ ಇಲಾಖೆಯ ಪ್ರತಿನಿಧಿ ಅದರ ಸದಸ್ಯ ಕಾರ್ಯದರ್ಶಿ. ಮೀಸಲು ಪ್ರದೇಶ ಯಾವ ಯಾವ ಗ್ರಾಮ ಪಂಚಾಯಿತಿಯ ವ್ಯಾಪ್ತಿಯಲ್ಲಿದೆಯೋ ಆ ಪ್ರತಿಯೊಂದರಿಂದ ಒಬ್ಬರು, ವನ್ಯಜೀವಿ ಕ್ಷೇತ್ರದಲ್ಲಿ ದುಡಿಯುವ ಸ್ವಯಂಸೇವಾ ಸಂಸ್ಥೆಗಳಿಂದ ಮೂವರು, ಕೃಷಿ ಮತ್ತು ಪಶುಸಂಗೋಪನಾ ಇಲಾಖೆಗಳಿಂದ ತಲಾ ಒಬ್ಬರು ಸದಸ್ಯರು. ಪ್ರದೇಶದ ಸಂರಕ್ಷಣೆ, ನಿರ್ವಹಣೆ, ಪಾಲನೆಯ ಬಗ್ಗೆ ಮುಖ್ಯ ವನ್ಯಜೀವಿ ಪರಿಪಾಲಕರಿಗೆ ಸಲಹೆ ನೀಡುವುದು ಈ ಸಮಿತಿಯ ಕೆಲಸ. ಸಲಹೆಯನ್ನು ಅವರು ಒಪ್ಪದಿದ್ದರೆ ಕಾರಣ ಹೇಳಬೇಕೆಂಬ ಮಾತು ಆ ಕಲಮಿನಲ್ಲಿಲ್ಲ. ಒಂದು ಹೊಳೆಯ ಮೂವತ್ತನಾಲ್ಕು ಕಿಲೋಮೀಟರಿನ ಹೊಣೆ ಹೊತ್ತ ಸಭೆಗೆ ಒಬ್ಬ ಅಧಿಕಾರಿಯ ಕಿವಿಯ ಹೊರತು ಬೇರೆ ಆಸರೆಯಿಲ್ಲ.

ಸದಸ್ಯರ ಪಟ್ಟಿಯನ್ನು ಇನ್ನೊಮ್ಮೆ ಓದಿದರೆ ಒಂದು ಸಂಗತಿ ಕಣ್ಣಿಗೆ ಹೊಡೆಯುತ್ತದೆ. ಪಶುಸಂಗೋಪನೆಗೆ ಸ್ಥಾನವಿದೆ, ಮೀನುಗಾರಿಕೆಗೆ ಇಲ್ಲ. ಗ್ರಾಮ ಪಂಚಾಯಿತಿಗೆ ಸ್ಥಾನವಿದೆ, ಪುರಸಭೆಗೆ ಇಲ್ಲ. ಜಲಸಂಪನ್ಮೂಲ, ಗಣಿ ಮತ್ತು ಭೂವಿಜ್ಞಾನ, ಮಾಲಿನ್ಯ ನಿಯಂತ್ರಣ ಇವುಗಳ ಸುಳಿವೇ ಇಲ್ಲ. ಕಾಯ್ದೆ ಬರೆದವರ ಕಣ್ಣ ಮುಂದೆ ಇದ್ದದ್ದು ದನ ಮೇಯುವ ಕಾಡಂಚು, ಪಕ್ಕದಲ್ಲಿ ಉಳುಮೆಯ ಹೊಲ. ಭೂದೃಶ್ಯ, ಕಡಲದೃಶ್ಯ ಎಂಬ ಮಾತುಗಳನ್ನು 36ಎ ಕಲಮಿನಲ್ಲಿ ಸೇರಿಸಲು ಮರೆಯದ ಅವರಿಗೆ ಹೊಳೆ ಮಾತ್ರ ನೆನಪಾಗಲಿಲ್ಲ! ಮೀಸಲು ಪ್ರದೇಶದ ಒಂದು ಕೊನೆಯಲ್ಲಿರುವ ಕಂಪ್ಲಿ ಪುರಸಭೆಯ ಊರು. ಹೊಳೆಗೆ ಚರಂಡಿ ನೀರಿನ ಹೊರೆ ಹೆಚ್ಚು ಬರುವುದು ಇಂಥ ಪಟ್ಟಣಗಳಿಂದಲೇ ಹೊರತು ದಂಡೆಯ ಸಣ್ಣ ಹಳ್ಳಿಗಳಿಂದಲ್ಲ. ಸಮಿತಿಯ ಮೇಜಿಗೆ ಬರುವುದು ಹಳ್ಳಿ, ನೀರಿಗೆ ಬರುವುದು ಪಟ್ಟಣ.

ಮೀನುಗಾರರ ಮಾತಂತೂ ಇನ್ನೂ ಮುಖ್ಯ. ನೀರುನಾಯಿಗೂ ಬಲೆ ಹಾಕುವವನಿಗೂ ನಡುವೆ ಹಳೆಯ ಜಗಳವಿದೆ: ಅದು ಬಲೆಯನ್ನು ಹರಿದು ಮೀನು ತಿನ್ನುತ್ತದೆ, ಇವನಿಗೆ ಆ ದಿನದ ಕೂಲಿ ಹೋಗುತ್ತದೆ. ಹರಿದ ಬಲೆಗೆ ಪರಿಹಾರವುಂಟೇ, ಮರಿಗಳಿರುವ ಕಾಲದಲ್ಲಿ ಯಾವ ಮಡುವನ್ನು ಬಿಟ್ಟುಕೊಡಬಹುದು ಎಂಬ ಮಾತುಕತೆ ನಡೆಯಬೇಕಾದದ್ದು ಇದೇ ಸಮಿತಿಯಲ್ಲಿ. ಹಾಗೆಯೇ ಸಿಡಿಮದ್ದಿನ ಪ್ರಶ್ನೆ. ಒಂದು ಜಿಲೆಟಿನ್ ಕಡ್ಡಿ ಮಡುವಿನಲ್ಲಿ ಸಿಡಿದರೆ ಸಾಯುವುದು ಕೈಗೆ ಸಿಕ್ಕ ಮೀನಷ್ಟೇ ಅಲ್ಲ. ತಳಕ್ಕಿಳಿದದ್ದು, ಮರಿಮೀನು, ಆಮೆ ಎಲ್ಲವೂ ಹೋಗುತ್ತವೆ. ಸ್ಫೋಟಕ ಹಾಕಿ, ವಿಷ ಬೆರೆಸಿ ಮೀನು ಹಿಡಿಯುವುದನ್ನು ಈ ದೇಶದ ಕಾನೂನು 1897ರಲ್ಲೇ ಅಪರಾಧವೆಂದಿತು. ಮೀಸಲು ಪ್ರದೇಶಕ್ಕೆ ಅನ್ವಯಿಸುವ 32ನೇ ಕಲಂ ವನ್ಯಜೀವಿಗೆ ಕೇಡು ತರುವ ರಾಸಾಯನಿಕ, ಸ್ಫೋಟಕಗಳ ಬಳಕೆಯನ್ನು ಮತ್ತೊಮ್ಮೆ ನಿಷೇಧಿಸುತ್ತದೆ. ಕಾನೂನಿನ ಬಡತನ ಇಲ್ಲಿಲ್ಲ. ಮದ್ದು ಯಾವ ರಾತ್ರಿ, ಯಾವ ಮಡುವಿನಲ್ಲಿ ಸಿಡಿಯುತ್ತದೆಂಬುದು ಗೊತ್ತಿರುವವನು ದಂಡೆಯ ಮೀನುಗಾರ, ತೆಪ್ಪ ಹಾಕುವವನು. ಅವನನ್ನು ಹೊರಗೆ ನಿಲ್ಲಿಸಿ ಗಸ್ತು ತಿರುಗಿದರೆ ಫಲವೇನು?

ಇನ್ನು ಕಾಯ್ದೆ ಬಿಟ್ಟದ್ದೇನು ಎಂಬುದನ್ನು ನೋಡಬೇಕು. ಅಭಯಾರಣ್ಯಕ್ಕೆ ಅನ್ವಯಿಸುವ ಕಲಮುಗಳಲ್ಲಿ ಕೆಲವನ್ನು ಮಾತ್ರ ಸಂರಕ್ಷಣಾ ಮೀಸಲಿಗೆ ಎತ್ತಿಕೊಳ್ಳಲಾಗಿದೆ: ಅಪರಾಧ ತಡೆಯಲು ನೆರವಾಗುವ ಕರ್ತವ್ಯ, ಪ್ರಾಣಿಗಳನ್ನು ಕಾಡಿಸಬಾರದು, ಬೆಂಕಿ ಹಚ್ಚಬಾರದು, ವಿಷ ಹಾಕಬಾರದು ಎಂಬಂಥವು. 29ನೇ ಕಲಂ ಈ ಪಟ್ಟಿಯಲ್ಲಿಲ್ಲ. ಜೀವಿಯ ನೆಲೆಯನ್ನು ಹಾಳುಗೆಡವಬಾರದು, ಪ್ರದೇಶದೊಳಕ್ಕೆ ಬರುವ ಅಥವಾ ಅಲ್ಲಿಂದ ಹೊರಹೋಗುವ ನೀರಿನ ಹರಿವನ್ನು ಅನುಮತಿಯಿಲ್ಲದೆ ತಿರುಗಿಸುವಂತಿಲ್ಲ, ತಡೆಯುವಂತಿಲ್ಲ, ಹೆಚ್ಚಿಸುವಂತಿಲ್ಲ ಎಂದು ಹೇಳುವುದು ಅದೇ ಕಲಂ. ಹುಲ್ಲುಗಾವಲಿನ ಕೃಷ್ಣಮೃಗಕ್ಕೆ ಈ ಕಲಂ ಇಲ್ಲದಿದ್ದರೂ ನಡೆದೀತು. ಹೊಳೆಯನ್ನೇ ಮೀಸಲು ಎಂದು ಘೋಷಿಸಿ, ಹೊಳೆಯ ನೀರಿನ ಮಾತನ್ನು ಮಾತ್ರ ಬಿಟ್ಟರೆ ಉಳಿಯುವುದು ಬಂಡೆ ಮತ್ತು ಮರಳು.

ನೀರು ಯಾರ ಕೈಯಲ್ಲಿದೆ? ಅಣೆಕಟ್ಟೆಯ ಗೇಟುಗಳು 1953ರಲ್ಲಿ ರಚನೆಯಾದ ತುಂಗಭದ್ರಾ ಮಂಡಳಿಯ ವಶದಲ್ಲಿವೆ. ಪಾಲು ಬಚಾವತ್ ನ್ಯಾಯಮಂಡಳಿ ಹಾಕಿಕೊಟ್ಟದ್ದು. ಕೆಳಗಿನ ರಾಜೋಳಿಬಂಡ ತಿರುವು ಯೋಜನೆಗೆ 17.1 ಟಿಎಂಸಿ ಅಡಿ ಎಂದು ದಶಮಾಂಶದವರೆಗೆ ಬರೆದಿಟ್ಟ ಲೆಕ್ಕ ಅದು. ವಿಜಯನಗರದ ಅರಸರ ಕಾಲದ ಕಾಲುವೆಗಳಿಗೂ ಅದರಲ್ಲಿ ಪಾಲಿದೆ. ಹೊಳೆಗೆ ಹೊಳೆಯಾಗಿ ಉಳಿಯಲು ಎಷ್ಟು ಎಂಬ ಪ್ರಶ್ನೆ 1970ರ ದಶಕದ ಆ ಲೆಕ್ಕದಲ್ಲಿ ಹುಟ್ಟಿರಲಿಲ್ಲ. ಹೀಗಾಗಿ ಮಳೆಗಾಲದಲ್ಲಿ ಗೇಟು ತೆರೆದಾಗ ಪ್ರವಾಹ, ಬೇಸಿಗೆಯಲ್ಲಿ ಬಂಡೆಗಳ ನಡುವೆ ಮಡುಗಟ್ಟಿದ ನೀರು. ಮೀನೂ ನೀರುನಾಯಿಯೂ ಬಲೆಯೂ ಆ ಕೆಲವೇ ಮಡುಗಳಲ್ಲಿ ಒಟ್ಟು ಸೇರುವ ಕಾಲ ಅದೇ.

2024ರ ಆಗಸ್ಟ್ 10ರ ರಾತ್ರಿ ಅಣೆಕಟ್ಟೆಯ 33 ಗೇಟುಗಳಲ್ಲಿ 19ನೆಯದು ಸರಪಳಿ ಕಡಿದು ಕೊಚ್ಚಿಹೋಯಿತು. ಒತ್ತಡ ತಗ್ಗಿಸಲು ಉಳಿದ ಗೇಟುಗಳನ್ನೂ ತೆರೆದು ನೀರು ಬಿಡಬೇಕಾಯಿತು. ಸುಮಾರು ಒಂದು ವಾರದ ಹೋರಾಟದ ನಂತರ ತಾತ್ಕಾಲಿಕ ತಡೆಗೇಟು ಕೂತಿತು. ನಾಡೆಲ್ಲ ಆಗ ಚಿಂತಿಸಿದ್ದು ಬೆಳೆಯ ನೀರು ಹೋಯಿತಲ್ಲ ಎಂದು. ಅದು ಸಹಜ, ಸರಿಯೂ ಹೌದು. ಲಕ್ಷಾಂತರ ಎಕರೆಯ ಅನ್ನದ ಪ್ರಶ್ನೆ ಅದು. ಆದರೆ ಆ ನೀರೆಲ್ಲ ಮೊದಲು ಹಾದುಹೋದದ್ದು ಮೀಸಲು ಪ್ರದೇಶವನ್ನು. ಪೊಟರೆಗಳು ಎಷ್ಟು ದಿನ ಮುಳುಗಿದವು, ಮರಳ ದಿಬ್ಬಗಳು ಏನಾದವು, ನೆರೆ ಇಳಿದ ಮೇಲೆ ಗುಂಪುಗಳು ಮರಳಿದವೇ ಎಂದು ನೋಡಿ ಬರೆದಿಡುವ ಕೆಲಸ ಯಾರದು? ಕಾನೂನಿನ ಅರ್ಥದಲ್ಲಿ ಅದು ಆಡಳಿತ ಸಮಿತಿಯದೇ. ‘ಪಾಲನೆ’ ಎಂಬ ಮಾತಿಗೆ ಇದಕ್ಕಿಂತ ಸರಳ ಅರ್ಥವಿರಲಾರದು.

ಇದೇ ದಂಡೆಯ ಮೇಲೆ ಬಲವುಳ್ಳ ಇನ್ನೊಂದು ಸಂಸ್ಥೆ ಇದೆ ಎಂಬುದನ್ನು ಮರೆಯಬಾರದು. ಹಂಪಿಯ ಸೇತುವೆ ಕಾಮಗಾರಿಯ ಗಲಾಟೆಯಲ್ಲಿ 1999ರಲ್ಲಿ ಯುನೆಸ್ಕೊ ಹಂಪಿಯನ್ನು ಅಪಾಯದಲ್ಲಿರುವ ಪಾರಂಪರಿಕ ತಾಣಗಳ ಪಟ್ಟಿಗೆ ಸೇರಿಸಿದ ಮೇಲೆ ಸರ್ಕಾರ ಎಚ್ಚೆತ್ತು, ಹಂಪಿ ವಿಶ್ವ ಪರಂಪರೆ ಪ್ರದೇಶ ನಿರ್ವಹಣಾ ಪ್ರಾಧಿಕಾರಕ್ಕೆ ಪ್ರತ್ಯೇಕ ಕಾಯ್ದೆಯನ್ನೇ ಮಾಡಿತು. ಅದರ ವ್ಯಾಪ್ತಿಯಲ್ಲಿ ಕಟ್ಟಡ ಕಟ್ಟಲು ಅದರ ಅನುಮತಿ ಬೇಕು. ವಿರೂಪಾಪುರಗಡ್ಡೆಯ ರೆಸಾರ್ಟುಗಳನ್ನು 2020ರಲ್ಲಿ ಸುಪ್ರೀಂ ಕೋರ್ಟಿನ ತೀರ್ಪಿನ ನಂತರ ಕೆಡವಲಾಯಿತು. ಗಡ್ಡೆ ಇರುವುದು ನೀರುನಾಯಿಯ ಹೊಳೆಯ ನಡುವೆ. ಆದರೆ ರೆಸಾರ್ಟು ಎದ್ದದ್ದು ಸ್ಮಾರಕ ರಕ್ಷಣೆಯ ಕಾನೂನಿನ ಬಲದಿಂದ. ಕಲ್ಲಿಗೆ ಪ್ರಾಧಿಕಾರ, ಪ್ರಾಣಿಗೆ ಸಲಹೆಗಾರರು! ಪ್ರಾಧಿಕಾರದಿಂದ ಜನಕ್ಕೆ ಆದ ತೊಂದರೆಗಳೂ ಕಡಿಮೆಯಲ್ಲ, ಹಂಪಿಯ ಬಜಾರಿನ ನಿವಾಸಿಗಳನ್ನು 2011ರಲ್ಲಿ ಎಬ್ಬಿಸಿದ ಬಗೆಯನ್ನು ಮೆಚ್ಚಿದವರು ವಿರಳ. ಆದ್ದರಿಂದ ನೀರುನಾಯಿಗೂ ಅಂಥದೇ ಪ್ರಾಧಿಕಾರ ಬೇಕೆಂದು ಈ ಲೇಖನ ಕೇಳುತ್ತಿಲ್ಲ. ಮೀಸಲನ್ನು ಅಭಯಾರಣ್ಯವಾಗಿ ಏರಿಸಬೇಕೆಂದೂ ಕೇಳುತ್ತಿಲ್ಲ. ಹಾಗೆ ಮಾಡಿದರೆ ದಂಡೆಯ ಜನರ ಒಪ್ಪಿಗೆ ಮೊದಲು ಹೋಗುತ್ತದೆ.

ಮಧ್ಯದ ದಾರಿ ಕಾಯ್ದೆಯೊಳಗೇ ಇದೆ. ಮಂಡ್ಯ ಜಿಲ್ಲೆಯ ಕೊಕ್ಕರೆ ಬೆಳ್ಳೂರು 2007ರಲ್ಲಿ ಸಮುದಾಯ ಮೀಸಲಾಯಿತು. ಊರ ಹುಣಸೆ ಮರಗಳ ಮೇಲೆ ಹೆಜ್ಜಾರ್ಲೆ, ಬಣ್ಣದ ಕೊಕ್ಕರೆ ಗೂಡು ಕಟ್ಟುವ ಆ ಹಳ್ಳಿಯಂಥಲ್ಲಿ ಸಮಿತಿಯ ಸದಸ್ಯರು ಬಹುಪಾಲು ಊರವರು. ಕಾನೂನು ಆ ಸಮಿತಿಯನ್ನು ಸಲಹೆಗಾರನೆನ್ನದೆ, ಮೀಸಲಿನ ನಿರ್ವಹಣೆಗೆ ಹೊಣೆಯಾದ ಪ್ರಾಧಿಕಾರವೆಂದೇ ಕರೆಯುತ್ತದೆ. ನಿರ್ವಹಣಾ ಯೋಜನೆಯನ್ನು ಸಿದ್ಧಪಡಿಸಿ ಜಾರಿಗೆ ತರುವ ಅಧಿಕಾರ ಅದರದ್ದು, ಅದರ ಅಧ್ಯಕ್ಷರು ಗೌರವ ವನ್ಯಜೀವಿ ಪರಿಪಾಲಕರೂ ಹೌದು. ಸಮುದಾಯ ಮೀಸಲು ಖಾಸಗಿ ಅಥವಾ ಸಮುದಾಯದ ನೆಲದಲ್ಲಿ ಮಾತ್ರ ಸಾಧ್ಯವಾದ್ದರಿಂದ ಸರ್ಕಾರದ ಸೊತ್ತಾದ ಹೊಳೆಗೆ ಈ ದಾರಿ ನೇರವಾಗಿ ತೆರೆದಿಲ್ಲ. ತಮ್ಮ ನೆಲದಲ್ಲಿ ಪ್ರಾಧಿಕಾರವಾಗಲು ಯೋಗ್ಯರಾದ ಹಳ್ಳಿಗರು ಸರ್ಕಾರದ ಹೊಳೆಯ ದಂಡೆಯಲ್ಲಿ ಸಲಹೆಗಷ್ಟೇ ಯೋಗ್ಯರಾಗುವುದು ಯಾವ ನ್ಯಾಯವೋ!

ಈಗ ದಢೇಸುಗೂರಿನ ಮಾತಿಗೆ ಬರೋಣ. ಮೀಸಲು ಪ್ರದೇಶ ಕಂಪ್ಲಿಯಲ್ಲಿ ಮುಗಿಯುತ್ತದೆ, ಹೊಳೆ ಮುಗಿಯುವುದಿಲ್ಲ. ಅಲ್ಲಿಂದ ಕೆಳಗೆ ಎರಡೂ ದಂಡೆಗಳಲ್ಲಿ ಭತ್ತದ ಗದ್ದೆಗಳನ್ನು ಸೋಕಿಕೊಂಡು, ಬಸಿಗಾಲುವೆಗಳ ನೀರನ್ನು ಕೂಡಿಕೊಂಡು ಅದು ಸಿರುಗುಪ್ಪದ ಎದುರಿನ ದಢೇಸುಗೂರಿಗೆ ಬರುತ್ತದೆ. ಇಲ್ಲಿ ರಾಯಚೂರು ಕೃಷಿ ವಿಶ್ವವಿದ್ಯಾಲಯದ ಕೃಷಿ ಸಂಶೋಧನಾ ಕೇಂದ್ರವಿದೆ. ನೀರುನಾಯಿಗೂ ಭತ್ತದ ಸಂಶೋಧನೆಗೂ ಏನು ಸಂಬಂಧ ಎಂದು ಕೇಳಬಹುದು. ಸಮಿತಿಯಲ್ಲಿ ಕೃಷಿ ಇಲಾಖೆಗೆ ಕಾನೂನು ಕೊಟ್ಟಿರುವ ಆ ಒಂದು ಸ್ಥಾನಕ್ಕೆ ಅರ್ಥ ಬರುವುದು ಈ ಸಂಬಂಧದಲ್ಲೇ.

ಇಂಗ್ಲೆಂಡಿನ ಒಂದು ಉದಾಹರಣೆ ಇಲ್ಲಿ ನೆನೆಯಬೇಕಾದದ್ದು. ಅಲ್ಲಿ 1950ರ ದಶಕದ ಕೊನೆಯಿಂದ ನೀರುನಾಯಿಗಳು ಹೊಳೆಹೊಳೆಯಲ್ಲೂ ಕಾಣೆಯಾಗತೊಡಗಿದವು. ಅದು ಮೊದಲು ಗೊತ್ತಾದದ್ದು ಬೇಟೆ ತಂಡಗಳ ಲೆಕ್ಕಪುಸ್ತಕಗಳಿಂದ: ನಾಯಿ ಬಿಟ್ಟು ಹುಡುಕಿದರೂ ಪ್ರಾಣಿ ಸಿಗುತ್ತಿರಲಿಲ್ಲ. ಕೊಂದದ್ದು ಬೇಟೆಯಲ್ಲ, ಬಿತ್ತನೆ ಬೀಜಕ್ಕೆ ಸವರುತ್ತಿದ್ದ ಡೈಎಲ್ಡ್ರಿನ್‌ನಂಥ ಕೀಟನಾಶಕ. ಹೊಲದಿಂದ ಹಳ್ಳಕ್ಕೆ, ಹಳ್ಳದಿಂದ ಮೀನಿಗೆ, ಮೀನಿನಿಂದ ನೀರುನಾಯಿಯ ಮೈಗೆ ಸೇರಿದ ವಿಷ. 1960ರ ದಶಕದಿಂದ ಆ ವಿಷಗಳನ್ನು ಹಂತಹಂತವಾಗಿ ಹಿಂತೆಗೆದುಕೊಂಡರು, 1978ರಲ್ಲಿ ಪ್ರಾಣಿಗೆ ಕಾನೂನಿನ ರಕ್ಷಣೆಯೂ ದೊರೆಯಿತು. ಆದರೂ ಇಂಗ್ಲೆಂಡಿನ ಎಲ್ಲ ಕೌಂಟಿಗಳಲ್ಲಿ ನೀರುನಾಯಿ ಮತ್ತೆ ಕಾಣಿಸಿಕೊಳ್ಳಲು 2011ರವರೆಗೆ ಕಾಯಬೇಕಾಯಿತು. ಅರಣ್ಯದ ಕಾವಲುಗಾರನಿಗಿಂತ ಮೊದಲು ಬೇಕಾದದ್ದು ಬೇಸಾಯದ ಇಲಾಖೆಯ ಒಂದು ತೀರ್ಮಾನವಾಗಿತ್ತು.

ನಮ್ಮ ಭತ್ತದ ಬಯಲಿನಲ್ಲಿ ಕಂದು ಜಿಗಿಹುಳುವಿಗೆ, ಕಾಂಡ ಕೊರೆಯುವ ಹುಳಕ್ಕೆ, ಬೆಂಕಿ ರೋಗಕ್ಕೆ ಎಣ್ಣೆ ಹೊಡೆಯುವುದು ಹಂಗಾಮಿನ ನಿತ್ಯಕರ್ಮವಾಗಿದೆ. ಯೂರಿಯಾ ಅತಿಯಾದಷ್ಟೂ ಜಿಗಿಹುಳು ಹೆಚ್ಚುತ್ತದೆ, ಹುಳು ಹೆಚ್ಚಿದಷ್ಟೂ ಎಣ್ಣೆ ಹೆಚ್ಚುತ್ತದೆ ಎಂಬುದನ್ನು ಕೃಷಿ ವಿಜ್ಞಾನಿಗಳು ಹೇಳುತ್ತಲೇ ಬಂದಿದ್ದಾರೆ. ಸಾಲ ಮಾಡಿ ಡಬ್ಬಿ ತರುವ ರೈತನಿಗೂ ಇದರಿಂದ ಸುಖವಿಲ್ಲ. ಮೀಸಲು ಪ್ರದೇಶವೆಂದರೆ ಸರ್ಕಾರದ ಹೊಳೆ ಮಾತ್ರವಾದ್ದರಿಂದ 32ನೇ ಕಲಮಿನ ನಿಷೇಧ ದಂಡೆಯಲ್ಲೇ ನಿಲ್ಲುತ್ತದೆ. ಗದ್ದೆಯೊಳಗೆ ಅದಕ್ಕೆ ಪ್ರವೇಶವಿಲ್ಲ. ಗದ್ದೆಯೊಳಗೆ ಹೋಗಬಲ್ಲದ್ದು ರೈತ ನಂಬುವ ಕೃಷಿ ಸಲಹೆ ಮಾತ್ರ. ದಢೇಸುಗೂರು, ಸಿರುಗುಪ್ಪ, ಗಂಗಾವತಿಗಳ ಸಂಶೋಧನಾ ಕೇಂದ್ರಗಳಿಂದ ಹೊಳೆದಂಡೆಯ ಗದ್ದೆಗಳಿಗೆಂದೇ ಕಡಿಮೆ ವಿಷದ ಕ್ರಮವೊಂದನ್ನು ಪಡೆದು ಸಮಿತಿಯ ಮುಂದಿಡುವುದು, ಬಸಿಗಾಲುವೆ ಹೊಳೆ ಸೇರುವೆಡೆ ನೀರಿನ ಮಾದರಿ ತೆಗೆಸಿ ವರ್ಷವರ್ಷವೂ ಫಲಿತಾಂಶ ತರುವುದು ಕೃಷಿ ಇಲಾಖೆಯ ಪ್ರತಿನಿಧಿಯಿಂದ ಆಗಬಹುದಾದ ಕೆಲಸ. ಹಾಜರಿ ಪುಸ್ತಕಕ್ಕೆ ಸಹಿ ಹಾಕಿ ಚಹಾ ಕುಡಿದು ಏಳಲು ಆ ಸ್ಥಾನ ಬೇಕಿಲ್ಲ.

ಉಳಿದ ಕೊರತೆಗಳಿಗೂ ತಿದ್ದುಪಡಿಗಾಗಿ ಸಂಸತ್ತಿನ ಬಾಗಿಲು ಕಾಯಬೇಕಾಗಿಲ್ಲ. ಸಮಿತಿ ತನ್ನ ಕಾರ್ಯವಿಧಾನವನ್ನು ತಾನೇ ಗೊತ್ತುಪಡಿಸಿಕೊಳ್ಳಬಹುದು ಎಂದು 36ಬಿ ಕಲಮೇ ಹೇಳುತ್ತದೆ. ಅದರಡಿ ಮೀನುಗಾರಿಕೆ, ಜಲಸಂಪನ್ಮೂಲ ಇಲಾಖೆಗಳನ್ನು, ಪುರಸಭೆಯನ್ನು, ಮೀನುಗಾರರ ಸಹಕಾರ ಸಂಘಗಳನ್ನು ವಿಶೇಷ ಆಹ್ವಾನಿತರಾಗಿ ಕರೆಯಲು ಅಡ್ಡಿಯೇನು? 2015ರಲ್ಲಿ ಎರಡು ಜಿಲ್ಲೆಗಳಲ್ಲಿದ್ದ ಮೀಸಲು, ವಿಜಯನಗರ ಜಿಲ್ಲೆ 2021ರಲ್ಲಿ ರಚನೆಯಾದ ಮೇಲೆ ಮೂರು ಜಿಲ್ಲೆಗಳಿಗೆ ಹಂಚಿಹೋಗಿದೆ. ಮರಳಿನ ಮೇಲೆ ಹತೋಟಿಯುಳ್ಳ ಮೂವರು ಜಿಲ್ಲಾಧಿಕಾರಿಗಳಿಗೂ ಸಮಿತಿಯ ನಡಾವಳಿ ತಲುಪಬೇಕು. ಅದರ ಕನ್ನಡ ಪ್ರತಿ ಪ್ರತಿಯೊಂದು ಪಂಚಾಯಿತಿಯ ಗ್ರಾಮಸಭೆಯಲ್ಲಿ ಓದಲ್ಪಡಬೇಕು. ಮುಖ್ಯ ವನ್ಯಜೀವಿ ಪರಿಪಾಲಕರು ಯಾವ ಸಲಹೆಯನ್ನು ಒಪ್ಪಿದರು, ಯಾವುದನ್ನು ಬಿಟ್ಟರು ಎಂಬ ಸಾಲು ಅದರಲ್ಲಿರಲಿ. ಕಾನೂನು ಕೇಳದಿದ್ದರೂ ಜನ ಕೇಳಬಹುದು. 2002ರ ಜೀವವೈವಿಧ್ಯ ಕಾಯ್ದೆ ಪಟ್ಟಣವೂ ಸೇರಿದಂತೆ ಪ್ರತಿ ಸ್ಥಳೀಯ ಸಂಸ್ಥೆಗೂ ಒಂದು ನಿರ್ವಹಣಾ ಸಮಿತಿಯನ್ನು ಕಡ್ಡಾಯ ಮಾಡಿದೆ. ಕಂಪ್ಲಿಯಂಥ ಊರನ್ನು ಮೇಜಿಗೆ ತರಲು ಅದೂ ಒಂದು ದಾರಿ.

ನೀರಾವರಿ ಸಲಹಾ ಸಮಿತಿಯ ಮಾತಿಗೆ ತೂಕ ಬಂದದ್ದು ಯಾವ ಕಲಮಿನಿಂದಲೂ ಅಲ್ಲ, ಅದಕ್ಕಾಗಿ ಕಾಯುವ ಲಕ್ಷಾಂತರ ರೈತರಿಂದ. ಮೀಸಲು ಸಮಿತಿಗೆ ಅಂಥ ಜನಬಲ ಒಂದೇ ದಿನದಲ್ಲಿ ಬಾರದು. ಆದರೆ ಮೊದಲನೆಯ ಸಮಿತಿಯ ಬಾಗಿಲಲ್ಲಿ ಎರಡನೆಯದು ಒಂದು ಅರ್ಜಿಯನ್ನಾದರೂ ಇಡಬಹುದು. ಕಾಲುವೆಗಳಿಗೆ ಎಷ್ಟು, ಕುಡಿಯುವ ನೀರಿಗೆ ಎಷ್ಟು, ರಾಜೋಳಿಬಂಡಕ್ಕೆ ಎಷ್ಟು ಎಂದು ಹಂಚುವ ಹೊತ್ತಿಗೆ, ಮಾರ್ಚ್‌ನಿಂದ ಮೇವರೆಗಿನ ಮೂರು ತಿಂಗಳು ಮುದ್ಲಾಪುರದ ಕೆಳಗಿನ ಮಡುಗಳು ಒಂದರಿಂದ ಒಂದು ಕಡಿದುಹೋಗದಂತೆ ಹೊಳೆಗೆ ಎಷ್ಟು ಬಿಡಬಹುದು ಎಂಬ ಪ್ರಶ್ನೆಯನ್ನೂ ಅದೇ ಪಟ್ಟಿಯಲ್ಲಿ ಸೇರಿಸಿ ಎಂಬ ಅರ್ಜಿ. ಕುಡಿಯುವ ನೀರಿಗೆಂದೂ ರಾಜೋಳಿಬಂಡಕ್ಕೆಂದೂ ಹೊಳೆಯಲ್ಲೇ ಹರಿದುಹೋಗುವ ನೀರನ್ನು ಯಾವ ದಿನ, ಎಷ್ಟೆಷ್ಟಾಗಿ ಬಿಡಬೇಕೆಂಬುದನ್ನು ಕೊಂಚ ಹೊಂದಿಸಿದರೆ ಇದರಲ್ಲಿ ಬಹುಪಾಲು ಆಗಬಹುದು. ಅದಕ್ಕಾಗಿ ಎಡದಂಡೆಯ ಕೊನೆಯ 

ಗದ್ದೆಯ ಪಾಲಿನಿಂದ ಒಂದು ಹನಿಯನ್ನೂ ಕಿತ್ತುಕೊಳ್ಳಬೇಕಾಗಿಲ್ಲ.